ಮಂಗಳೂರಿನ ಮಠದಲ್ಲಿ ವ್ರತ ಸ್ವೀಕರಿಸಿದ ಸಂತ ಮರಿಯಂ ಬವಾರ್ದಿ

ಸೆಪ್ಟೆಂಬರ್ 8 ಎಂದರೆ ಕರಾವಳಿಯ ಕಥೋಲಿಕರಾದ ನಮಗೆಲ್ಲ ಮೊಂತಿ ಹಬ್ಬ. ಮಕ್ಕಳು ಬುಟ್ಟಿಗಳಲ್ಲಿ ಹೂಗಳನ್ನು ತಂದು ಬಾಲೆ ಮರಿಯಮ್ಮನಿಗೆ ಅರ್ಪಿಸುತ್ತಾರೆ. ಹೊಸ ತೆನೆಯನ್ನು ಆಶೀರ್ವದಿಸಿ ಮನೆಗೆ ತರುತ್ತೇವೆ, ಕುಟುಂಬದವರೆಲ್ಲ ಒಟ್ಟಿಗೆ ಕುಳಿತು ಹೊಸ ಅಕ್ಕಿಯ ಊಟ ಮಾಡುತ್ತೇವೆ. 1858ರಲ್ಲಿ ಇದೇ ಹಬ್ಬದ ವೇಳೆಗೆ, ಈಜಿಪ್ಟಿನ ಅಲೆಕ್ಸಾಂಡ್ರಿಯಾ ನಗರದಲ್ಲಿ ಹನ್ನೆರಡರ ಹರೆಯದಲ್ಲಿದ್ದ ಅನಾಥ ಬಾಲಕಿಯೊಬ್ಬಳು ಕುತ್ತಿಗೆ ಸೀಳಲ್ಪಟ್ಟು ಬೀದಿಯ ಬದಿಯಲ್ಲಿ ಬಿದ್ದಿದ್ದಳು. ಆಕೆ ಬದುಕಿದಳು. ಹನ್ನೆರಡು ವರ್ಷಗಳ ಬಳಿಕ ಹಡಗೇರಿ ನಮ್ಮ ಮಂಗಳೂರಿಗೆ ಬಂದಳು. ಇಲ್ಲಿಯೇ ಧರ್ಮಭಗಿನಿಯಾಗಿ ವ್ರತ ಸ್ವೀಕರಿಸಿದಳು. ಇಲ್ಲಿಂದಲೇ ಸಂಶಯದ ಹೊರೆ ಹೊತ್ತು ಹಿಂದಿರುಗಿದಳು. ಇಂದು ಧರ್ಮಸಭೆ ಆಕೆಯನ್ನು ಶಿಲುಬೆಗೇರಿಸಲ್ಪಟ್ಟ ಯೇಸುವಿನ ಸಂತ ಮರಿಯಂ ಎಂದು ಗೌರವಿಸುತ್ತದೆ.

ನಮ್ಮ ಊರಿನ ನೀರು ಕುಡಿದ, ನಮ್ಮ ಊರಿನ ಮಠದ ಅಡುಗೆಮನೆಯಲ್ಲಿ ದುಡಿದ ಈ ಸಂತರ ಬಗ್ಗೆ ನಮ್ಮಲ್ಲಿ ಅನೇಕರಿಗೆ ತಿಳಿದಿರುವುದು ಕಡಿಮೆ. ಆದ್ದರಿಂದ ಅವರ ಜೀವನವನ್ನು ಸಂಕ್ಷಿಪ್ತವಾಗಿ ಸ್ಮರಿಸೋಣ.

ಹರಕೆಯ ಮಗಳು

ಮರಿಯಂ ಹುಟ್ಟಿದ್ದು 1846ರ ಜನವರಿ 5ರಂದು, ಗಲಿಲೇಯದ ಇಬಿಲ್ಲಿನ್ ಎಂಬ ಹಳ್ಳಿಯಲ್ಲಿ. ಇದು ಯೇಸುಸ್ವಾಮಿ ಬೆಳೆದ ನಜರೇತಿನಿಂದ ಹೆಚ್ಚು ದೂರದಲ್ಲಿಲ್ಲ. ತಂದೆ ಜಿರಿಸ್ ಬವಾರ್ದಿ, ತಾಯಿ ಮರಿಯಂ ಶಹೀನ್. ಇವರು ಪೂರ್ವದೇಶದ ಪೂಜಾಪದ್ಧತಿಯನ್ನು ಅನುಸರಿಸುವ ಗ್ರೀಕ್ ಮೆಲ್ಕೈಟ್ ಕಥೋಲಿಕರು. ಈ ದಂಪತಿಗೆ ಹುಟ್ಟಿದ ಹನ್ನೆರಡು ಗಂಡು ಮಕ್ಕಳು ಒಬ್ಬರ ಹಿಂದೊಬ್ಬರಂತೆ ಶೈಶವದಲ್ಲೇ ತೀರಿಕೊಂಡಿದ್ದರು. ದುಃಖದಲ್ಲಿ ಮುಳುಗಿದ ತಂದೆ ತಾಯಿ ಬೆತ್ಲೆಹೇಮಿಗೆ ಕಾಲ್ನಡಿಗೆಯಲ್ಲಿ ಯಾತ್ರೆ ಹೋದರು. ಒಂದು ಹೆಣ್ಣು ಮಗುವನ್ನು ಕೊಡುವಂತೆ ಮಾತೆ ಮರಿಯಮ್ಮನವರ ಮಧ್ಯಸ್ಥಿಕೆ ಬೇಡಿದರು. ಹೀಗೆ ಹುಟ್ಟಿದ ಮಗುವಿಗೆ ದೇವಮಾತೆಯ ಹೆಸರನ್ನೇ ಇಟ್ಟರು. ಬಳಿಕ ಬೌಲೋಸ್ ಎಂಬ ತಮ್ಮನೂ ಹುಟ್ಟಿದ.

ಹೆಣ್ಣು ಹುಟ್ಟಿದರೆ ಮುಖ ಸಿಂಡರಿಸುವ ಜನ ಎಲ್ಲ ಕಾಲದಲ್ಲೂ ಇದ್ದರು, ಈಗಲೂ ಇದ್ದಾರೆ. ಹೆಣ್ಣು ಮಗುವಿಗಾಗಿಯೇ ನಡೆದು ಹೋಗಿ ಹರಕೆ ಹೊತ್ತ ಈ ತಂದೆ ತಾಯಿಯನ್ನು ನಾವು ಮರೆಯಬಾರದು.

ಆದರೆ ಸಂತೋಷ ಬಹಳ ದಿನ ಉಳಿಯಲಿಲ್ಲ. ಮರಿಯಂಗೆ ಮೂರು ವರ್ಷ ತುಂಬುವ ಮೊದಲೇ ತಂದೆ ತಾಯಿ ಇಬ್ಬರೂ ಕೆಲವೇ ದಿನಗಳ ಅಂತರದಲ್ಲಿ ನಿಧನರಾದರು. ತಮ್ಮನನ್ನು ಒಬ್ಬ ಸಂಬಂಧಿ ಕರೆದೊಯ್ದರು, ಮರಿಯಂ ಚಿಕ್ಕಪ್ಪನ ಮನೆ ಸೇರಿದಳು. ಒಂದೇ ಬಳ್ಳಿಯ ಎರಡು ಮಿಡಿಗಳು ಬೇರೆ ಬೇರೆ ಅಂಗಳಗಳಲ್ಲಿ ಬೆಳೆಯಬೇಕಾಯಿತು. ಕೆಲವು ವರ್ಷಗಳ ನಂತರ ಚಿಕ್ಕಪ್ಪನ ಕುಟುಂಬ ಅಲೆಕ್ಸಾಂಡ್ರಿಯಾಕ್ಕೆ ವಲಸೆ ಹೋಯಿತು.

ಕತ್ತರಿಸಿದ ಜಡೆ

ಮರಿಯಂಗೆ ಹನ್ನೆರಡು ದಾಟುತ್ತಿದ್ದಂತೆ ಆ ಕಾಲದ ರೂಢಿಯಂತೆ ಚಿಕ್ಕಪ್ಪ ಮದುವೆ ಗೊತ್ತುಮಾಡಿದರು. ಹುಡುಗಿಯ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ. ತನ್ನ ಬದುಕು ದೇವರಿಗೆ ಮಾತ್ರ ಎಂದು ನಿರ್ಧರಿಸಿದ್ದ ಆಕೆ ತನ್ನ ಉದ್ದನೆಯ ಜಡೆಯನ್ನು ತಾನೇ ಕತ್ತರಿಸಿ ಮದುವೆಗೆ ಒಲ್ಲೆ ಎಂದಳು. ಮನೆಯವರ ಕೋಪಕ್ಕೆ ಪಾರವಿರಲಿಲ್ಲ. ಸಾಕುಮಗಳು ಅಂದಿನಿಂದ ಮನೆಯ ಆಳಾದಳು.

ಒಂಟಿತನದಲ್ಲಿ ತಮ್ಮನ ನೆನಪಾಗಿ ಆಕೆ ಅವನಿಗೆ ಸುದ್ದಿ ಕಳುಹಿಸಲು ಬಯಸಿದಳು. ಆ ಕಡೆಗೆ ಹೊರಟಿದ್ದ, ಹಿಂದೆ ಮನೆಯಲ್ಲಿ ಕೆಲಸಕ್ಕಿದ್ದ ಒಬ್ಬನ ಬಳಿಗೆ ಹೋದಳು. ಆತ ಮಾತಿನ ನಡುವೆ ಕ್ರೈಸ್ತ ವಿಶ್ವಾಸವನ್ನು ಬಿಡುವಂತೆ ಒತ್ತಾಯಿಸಿದ. ಹುಡುಗಿ ಒಪ್ಪಲಿಲ್ಲ. ಸಿಟ್ಟಿನ ಭರದಲ್ಲಿ ಆತ ಆಕೆಯ ಕುತ್ತಿಗೆಗೆ ಕತ್ತಿ ಬೀಸಿದ, ಸತ್ತಳೆಂದು ಭಾವಿಸಿ ಹೊರಗೆ ಎಸೆದ. ಒಬ್ಬ ಮನುಷ್ಯನ ಕ್ರೌರ್ಯಕ್ಕಾಗಿ ಆತನ ಜನಾಂಗವನ್ನಾಗಲಿ ಧರ್ಮವನ್ನಾಗಲಿ ದೂಷಿಸುವುದು ಸಲ್ಲದು. ಮುಂದೆ ಅದೇ ಅರಬ್ ನಾಡಿನ ಜನರ ನಡುವೆಯೇ ಮರಿಯಂ ತಮ್ಮ ಕೊನೆಯ ವರ್ಷಗಳನ್ನು ಪ್ರೀತಿಯಿಂದ ಕಳೆದರು.

ನೀಲಿ ಉಡುಪಿನ ಸ್ತ್ರೀಯೊಬ್ಬರು ತನ್ನನ್ನು ಗುಹೆಯಂತಹ ಸ್ಥಳದಲ್ಲಿಟ್ಟು ಆರೈಕೆ ಮಾಡಿದರು ಎಂದು ಮರಿಯಂ ನಂತರ ತಿಳಿಸಿದರು. ಅದು ಮಾತೆ ಮರಿಯಮ್ಮನವರೇ ಎಂಬುದು ಅವರ ದೃಢ ನಂಬಿಕೆಯಾಗಿತ್ತು. ಕುತ್ತಿಗೆಯ ಮೇಲಿನ ಗಾಯದ ಕಲೆ ಹಾಗೂ ಒಡೆದಂತಹ ದನಿ ಜೀವನದ ಕೊನೆಯವರೆಗೂ ಉಳಿದವು.

ಮನೆಗೆಲಸದವಳಿಂದ ಮಠದವರೆಗೆ

ಚಿಕ್ಕಪ್ಪನ ಮನೆಗೆ ಮರಿಯಂ ಮತ್ತೆ ಹೋಗಲಿಲ್ಲ. ಅಲೆಕ್ಸಾಂಡ್ರಿಯಾ, ಜೆರುಸಲೇಮ್, ಬೈರೂತ್, ಕೊನೆಗೆ ಫ್ರಾನ್ಸಿನ ಮಾರ್ಸೆಲ್ಸ್, ಹೀಗೆ ಊರಿನಿಂದ ಊರಿಗೆ ಮನೆಗೆಲಸ ಮಾಡುತ್ತಾ ಸಾಗಿದರು. ಜೆರುಸಲೇಮಿನಲ್ಲಿ ಯೇಸುವಿನ ಪವಿತ್ರ ಸಮಾಧಿಯ ಬಳಿ ಕನ್ಯಾವ್ರತವನ್ನು ಕೈಗೊಂಡರು. ಮಾರ್ಸೆಲ್ಸಿನಲ್ಲಿ ಅಡುಗೆಯವರಾಗಿದ್ದಾಗ, 1865ರಲ್ಲಿ, ಸಂತ ಜೋಸೆಫರ ಧರ್ಮಭಗಿನಿಯರ ಒಂದು ಸಭೆಯನ್ನು ಸೇರಿದರು. ಓದು ಬರಹ ಅಷ್ಟಾಗಿ ಬಾರದು, ಫ್ರೆಂಚ್ ಮಾತು ತೊದಲು. ಅದರೊಂದಿಗೆ ಪ್ರಾರ್ಥನೆಯಲ್ಲಿ ಮೈಮರೆಯುವುದು, ಕೈಕಾಲುಗಳಲ್ಲಿ ಯೇಸುವಿನ ಗಾಯಗಳು ಕಾಣಿಸಿಕೊಳ್ಳುವುದು. ಸಕ್ರಿಯ ಸೇವೆಯ ತಮ್ಮ ಸಭೆಗೆ ಈಕೆ ಹೊಂದುವುದಿಲ್ಲವೆಂದು ಅಲ್ಲಿನವರು ತೀರ್ಮಾನಿಸಿದರು. ಎರಡು ವರ್ಷಗಳ ಬಳಿಕ ಅವರು ಹೊರಬರಬೇಕಾಯಿತು.

ಆಗ ಕೈಹಿಡಿದವರು ಅದೇ ಸಭೆಯಲ್ಲಿ ಅವರಿಗೆ ತರಬೇತಿ ನೀಡುತ್ತಿದ್ದ ಮದರ್ ವೆರೋನಿಕಾ. ಈ ಹೆಸರು ಮಂಗಳೂರಿಗರಿಗೆ ಹೊಸದಲ್ಲ. ಕಾನ್‌ಸ್ಟಾಂಟಿನೋಪಲ್‌ನಲ್ಲಿ 1823ರಲ್ಲಿ ಆಂಗ್ಲಿಕನ್ ಗುರುವೊಬ್ಬರ ಮಗಳಾಗಿ ಹುಟ್ಟಿದ ಸೋಫಿ ಲೀವ್ಸ್, 1850ರಲ್ಲಿ ಕಥೋಲಿಕ ಸಭೆಗೆ ಸೇರಿ, ಧರ್ಮಭಗಿನಿಯಾಗಿ ಕ್ಯಾಲಿಕಟ್‌ನಲ್ಲಿ ಸೇವೆ ಸಲ್ಲಿಸಿದ್ದರು. ನಮ್ಮ ಕರಾವಳಿಯ ಹೆಣ್ಣು ಮಕ್ಕಳಿಗೆ ಶಿಕ್ಷಣ ನೀಡಲು ಕಾರ್ಮೆಲ್ ಸಭೆಯ ಚೈತನ್ಯವುಳ್ಳ ಭಗಿನಿಯರ ತಂಡವೊಂದು ಬೇಕೆಂಬ ಕನಸು ಅವರದು. 1867ರಲ್ಲಿ ಅವರು ಮರಿಯಂರನ್ನು ತಮ್ಮೊಂದಿಗೆ ಫ್ರಾನ್ಸಿನ ಪೋ ನಗರದ ಕಾರ್ಮೆಲ್ ಮಠಕ್ಕೆ ಕರೆದೊಯ್ದರು. ಒಂದು ಬಾಗಿಲು ಮುಚ್ಚಿದಾಗ ಇನ್ನೊಂದು ಬಾಗಿಲಿನವರೆಗೆ ಜೊತೆಗೆ ನಡೆದು ಬರುವ ಒಬ್ಬರು ಸಾಕು. ಮರಿಯಂರ ಬದುಕಿನಲ್ಲಿ ಆ ಒಬ್ಬರು ಮದರ್ ವೆರೋನಿಕಾ.

ಪೋ ಮಠದಲ್ಲಿ ಮರಿಯಂ ತಾವಾಗಿಯೇ ಕೇಳಿಕೊಂಡು ಅಡುಗೆ, ಬಟ್ಟೆ ಒಗೆಯುವುದು, ತೋಟದ ಕೆಲಸಗಳನ್ನು ಮಾಡುವ ಸೇವಾ ಭಗಿನಿಯಾದರು. ತಮ್ಮನ್ನು ಏನೂ ಅಲ್ಲದ ಪುಟ್ಟವಳು ಎಂದು ಕರೆದುಕೊಳ್ಳುವುದು ಅವರ ವಾಡಿಕೆಯಾಗಿತ್ತು.

ಮಂಗಳೂರಿನ ಎರಡು ವರ್ಷ

ಆ ಕಾಲದಲ್ಲಿ ಮಂಗಳೂರಿನ ಧರ್ಮಕ್ಷೇತ್ರ ಕಾರ್ಮೆಲ್ ಸಭೆಯ ಗುರುಗಳ ಆಡಳಿತದಲ್ಲಿತ್ತು. ಬಿಷಪ್ ಮರಿ ಎಫ್ರೆಮ್ ಇಲ್ಲಿ ಪ್ರಾರ್ಥನೆಗೆ ಮೀಸಲಾದ ಒಂದು ಮಠ ಹಾಗೂ ಹೆಣ್ಣು ಮಕ್ಕಳ ಶಾಲೆಗಳನ್ನು ನಡೆಸುವ ಭಗಿನಿಯರು ಎರಡೂ ಬೇಕೆಂದು ಬಯಸಿದ್ದರು. 1870ರ ಆಗಸ್ಟ್ 21ರಂದು ಪೋ ಮಠದ ಭಗಿನಿಯರ ತಂಡ ಹೊರಟಿತು. ಅವರಲ್ಲಿ ಮರಿಯಂ ಒಬ್ಬರು. ಭಾರತದ ಮೊದಲ ಕಾರ್ಮೆಲ್ ಕನ್ಯಾಮಠವನ್ನು ಸ್ಥಾಪಿಸುವುದು ಅವರ ಗುರಿಯಾಗಿತ್ತು.

ಈ ಪ್ರಯಾಣದ ಬೆಲೆ ದೊಡ್ಡದು. ತಂಡದ ಮೂವರು ಭಗಿನಿಯರು ಮಂಗಳೂರನ್ನು ಕಾಣುವ ಮೊದಲೇ ಪ್ರಾಣಬಿಟ್ಟರು. ಅವರ ಬದಲಿಗೆ ಬೇರೆ ಭಗಿನಿಯರನ್ನು ಕಳುಹಿಸಲಾಯಿತು. 1870ರ ಕೊನೆಯ ವೇಳೆಗೆ ಮಠದ ಜೀವನ ಆರಂಭವಾಯಿತು. ಅದೇ ವರ್ಷದ ನವೆಂಬರ್‌ನಲ್ಲಿ ಮದರ್ ವೆರೋನಿಕಾ ಸ್ಥಾಪಿಸಿದ ಅಪೋಸ್ತಲಿಕ್ ಕಾರ್ಮೆಲ್ ಸಭೆಯ ಭಗಿನಿಯರೂ ಮಂಗಳೂರಿಗೆ ಬಂದಿಳಿದರು. ಪ್ರಾರ್ಥನೆಯ ಮಠ, ಪಾಠದ ಶಾಲೆ ಎರಡೂ ಒಂದೇ ಕಾಲದಲ್ಲಿ ಬೇರೂರಿದವು.

ಹೊಸ ಮಠವೆಂದರೆ ಎಲ್ಲವೂ ಕೊರತೆಯೇ. ಸೆಕೆ, ಮಳೆ, ತಿಳಿಯದ ಭಾಷೆ, ಮುಗಿಯದ ಕೆಲಸ. ಮರಿಯಂ ಭಾರವಾದ ಕೆಲಸಗಳನ್ನೆಲ್ಲ ತಮ್ಮ ಮೇಲೆ ಹಾಕಿಕೊಂಡರು. ಅಡುಗೆಮನೆಯಲ್ಲಿ ದುಡಿಯುತ್ತಿರುವಾಗಲೇ ಅವರು ಪ್ರಾರ್ಥನೆಯಲ್ಲಿ ಲೀನರಾಗಿ ಮುಖ ಬೆಳಗುತ್ತಿದ್ದುದನ್ನು ಕೆಲವರು ಕಂಡಿದ್ದರು. 1871ರ ನವೆಂಬರ್ 21ರಂದು, ಮಾತೆ ಮರಿಯಮ್ಮನವರನ್ನು ದೇವಾಲಯದಲ್ಲಿ ಸಮರ್ಪಿಸಿದ ಹಬ್ಬದ ದಿನ, ಮರಿಯಂ ಮಂಗಳೂರಿನ ಆ ಮಠದಲ್ಲಿ ವ್ರತಗಳನ್ನು ಸ್ವೀಕರಿಸಿದರು.

ಆದರೆ ನೆಮ್ಮದಿ ದೊರೆಯಲಿಲ್ಲ. ಬೆಳಕಿನ ಗಳಿಗೆಗಳ ಜೊತೆಗೆ ಕತ್ತಲೆಯ ಶಕ್ತಿಯೊಂದು ತಮ್ಮನ್ನು ಹಿಡಿದು ಹಿಂಸಿಸುವಂತಹ ಅನುಭವಗಳೂ ಅವರನ್ನು ಕಾಡಿದವು. ಇದನ್ನು ಕಂಡ ಮಠದವರಿಗೆ ದಿಗಿಲಾಯಿತು. ಇದೆಲ್ಲ ದೇವರಿಂದ ಬಂದದ್ದೇ, ಭ್ರಮೆಯೇ, ಅಥವಾ ಮೋಸವೇ ಎಂಬ ಪ್ರಶ್ನೆ ಎದ್ದಿತು. ಹಿರಿಯರ ವಿಶ್ವಾಸ ಕುಗ್ಗಿತು. 1872ರಲ್ಲಿ ಅವರನ್ನು ಪೋ ಮಠಕ್ಕೆ ಹಿಂದಕ್ಕೆ ಕಳುಹಿಸಲಾಯಿತು. ವ್ರತ ತೊಟ್ಟು ವರ್ಷ ತುಂಬುವ ಮೊದಲೇ ಇಪ್ಪತ್ತಾರರ ಹರೆಯದ ಆ ಭಗಿನಿ ನಮ್ಮ ಕಡಲತೀರವನ್ನು ಬಿಟ್ಟರು.

ಈ ಸಂಗತಿಯನ್ನು ನಾವು ಮುಚ್ಚಿಡಬೇಕಾಗಿಲ್ಲ. ಅಸಾಮಾನ್ಯ ಅನುಭವಗಳನ್ನು ಕೂಡಲೇ ನಂಬದೆ ಪರೀಕ್ಷಿಸುವುದು ಧರ್ಮಸಭೆಯ ಹಳೆಯ ಕ್ರಮ, ಅದು ಒಳ್ಳೆಯದೇ. ಆದರೆ ಪರೀಕ್ಷಿಸುವುದು ಬೇರೆ, ಮನಸ್ಸಿನಿಂದ ಹೊರಹಾಕುವುದು ಬೇರೆ. ಓದಿಲ್ಲದ, ಪರದೇಶದ, ಅಡುಗೆಮನೆಯ ಒಬ್ಬ ಹೆಣ್ಣಿನ ಮಾತು ಎಷ್ಟು ಬೇಗ ಹಗುರವಾಗುತ್ತದೆ ಎಂಬುದಕ್ಕೆ ಮಂಗಳೂರಿನ ಈ ಘಟನೆ ಒಂದು ಉದಾಹರಣೆ. ನಂಬದವರೂ ಕೆಟ್ಟವರಾಗಿರಲಿಲ್ಲ. ಅವರೂ ದೇವರಿಗಾಗಿ ಮನೆ ಮಠ ಬಿಟ್ಟು ಬಂದವರೇ. ಒಳ್ಳೆಯವರಿಂದಲೇ ಒಳ್ಳೆಯವರಿಗೆ ನೋವಾಗುವುದು ನಮ್ಮ ಧರ್ಮಕೇಂದ್ರಗಳಲ್ಲಿಯೂ ಇಲ್ಲವೇ?

ಇಲ್ಲಿ ಮರಿಯಂರ ನಡತೆಯನ್ನು ಗಮನಿಸಬೇಕು. ಹೋಗು ಎಂದಾಗ ಹೊರಟರು. ಪೋ ಮಠಕ್ಕೆ ಮರಳಿ ಮತ್ತೆ ಅದೇ ಸರಳ ಸೇವೆಯಲ್ಲಿ ತೊಡಗಿದರು. ಹಿರಿಯರಿಗೆ ವಿಧೇಯತೆ ಹಾಗೂ ದೀನತೆ, ಇವೆರಡರಲ್ಲಿ ಅವರು ಸೋಲಲಿಲ್ಲ. ಮುಂದೆ ಧರ್ಮಸಭೆ ಅವರ ಪಾವಿತ್ರ್ಯವನ್ನು ಅಳೆದದ್ದೂ ದರ್ಶನಗಳಿಂದಲ್ಲ, ಈ ಸದ್ಗುಣಗಳಿಂದಲೇ.

ಬೆತ್ಲೆಹೇಮಿನ ಕಟ್ಟಡ

ತಂದೆ ತಾಯಿ ತನಗಾಗಿ ಹರಕೆ ಹೊತ್ತ ಬೆತ್ಲೆಹೇಮಿನಲ್ಲಿ ಒಂದು ಕಾರ್ಮೆಲ್ ಮಠವಿರಬೇಕೆಂಬುದು ಮರಿಯಂರ ಆಸೆ. ಪೋ ನಗರದ ಬರ್ತ್ ದಾರ್ತಿಗೋ ಎಂಬ ಶ್ರೀಮಂತ ಮಹಿಳೆ ಅದಕ್ಕೆ ಹಣ ನೀಡಲು ಮುಂದೆ ಬಂದರು. 1875ರಲ್ಲಿ ಭಗಿನಿಯರ ತಂಡ ಪವಿತ್ರ ನಾಡಿಗೆ ಹೊರಟಿತು. ಅವರಲ್ಲಿ ಅರಬ್ಬಿ ಭಾಷೆ ಬಲ್ಲವರು ಮರಿಯಂ ಒಬ್ಬರೇ. ಹೀಗಾಗಿ ಅಕ್ಷರ ಬಾರದ ಅಡುಗೆಯ ಭಗಿನಿಯೇ ಕಟ್ಟಡದ ಕೆಲಸದ ಮೇಲ್ವಿಚಾರಕಿಯಾದರು. ಕಲ್ಲು ಕೆಲಸದವರೊಂದಿಗೆ ಮಾತನಾಡುವುದು, ಲೆಕ್ಕ ನೋಡುವುದು, ತಪ್ಪಿದ್ದನ್ನು ತಿದ್ದಿಸುವುದು ಎಲ್ಲವೂ ಅವರ ಪಾಲಿಗೆ ಬಂತು. 1876ರಲ್ಲಿ ಭಗಿನಿಯರು ಹೊಸ ಮಠಕ್ಕೆ ಪ್ರವೇಶಿಸಿದರು. ನಜರೇತಿನಲ್ಲಿಯೂ ಮಠ ಕಟ್ಟುವ ಸಿದ್ಧತೆಯಲ್ಲಿ ಅವರು ತೊಡಗಿದ್ದರು.

1878ರ ಆಗಸ್ಟ್ ತಿಂಗಳು. ಬಿಸಿಲಿನಲ್ಲಿ ದುಡಿಯುತ್ತಿದ್ದ ಕೆಲಸಗಾರರಿಗೆ ಕುಡಿಯಲು ನೀರು ಕೊಂಡೊಯ್ಯುತ್ತಿದ್ದಾಗ ಮರಿಯಂ ಎಡವಿ ಬಿದ್ದರು. ತೋಳಿನ ಮೂಳೆ ಮುರಿಯಿತು, ಗಾಯ ಕೊಳೆತು ನಂಜೇರಿತು. ಆಗಸ್ಟ್ 26ರಂದು, ಮೂವತ್ತೆರಡರ ಹರೆಯದಲ್ಲಿ ಅವರು ದೇವರ ಸನ್ನಿಧಿ ಸೇರಿದರು. ಬಿಸಿಲಿನಲ್ಲಿ ಬಂದವರಿಗೆ ಮೊದಲು ನೀರು ಬೆಲ್ಲ ಕೊಡುವ ಊರಿನವರು ನಾವು. ಬಾಯಾರಿದವರಿಗೆ ನೀರು ಕೊಡುವ ಕೆಲಸದಲ್ಲೇ ಒಬ್ಬ ಸಂತರ ಜೀವ ಹೋಯಿತೆಂಬುದು ನಮಗೆ ವಿಶೇಷವಾಗಿ ನಾಟಬೇಕು.

ಪವಿತ್ರಾತ್ಮರ ಭಕ್ತಿಯನ್ನು ಧರ್ಮಸಭೆ ಮರೆಯಬಾರದು, ಗುರುಗಳೂ ವಿಶ್ವಾಸಿಗಳೂ ಪವಿತ್ರಾತ್ಮರ ಬೆಳಕಿಗಾಗಿ ಹೆಚ್ಚು ಪ್ರಾರ್ಥಿಸಬೇಕು ಎಂಬುದು ಅವರು ಬಿಟ್ಟುಹೋದ ಮುಖ್ಯ ಸಂದೇಶ. 1983ರ ನವೆಂಬರ್ 13ರಂದು ಪೋಪ್ ಎರಡನೇ ಜಾನ್ ಪಾವ್ಲ್ ಅವರನ್ನು ಪುನೀತರೆಂದು ಸಾರಿದರು. 2015ರ ಮೇ 17ರಂದು ಪೋಪ್ ಫ್ರಾನ್ಸಿಸ್ ಸಂತ ಪದವಿಗೇರಿಸಿದರು. 1872ರಲ್ಲಿ ಮಂಗಳೂರಿನಿಂದ ಮರಳಿದ ಭಗಿನಿಯ ಹೆಸರು 143 ವರ್ಷಗಳ ಬಳಿಕ ಸಂತರ ಸಾಲಿನಲ್ಲಿ ಮೊಳಗಿತು.

ನಮ್ಮ ಪಾಲಿಗೆ ಏನು?

ಮದರ್ ವೆರೋನಿಕಾರ ಭಗಿನಿಯರು ಹಾಕಿದ ಬುನಾದಿಯ ಮೇಲೆ ಸೈಂಟ್ ಆನ್ಸ್ ಶಾಲೆ ಬೆಳೆಯಿತು, 1921ರಲ್ಲಿ ಸೈಂಟ್ ಆಗ್ನೆಸ್ ಮಹಿಳಾ ಕಾಲೇಜು ಆರಂಭವಾಯಿತು. ನಮ್ಮ ಎಷ್ಟೋ ಮನೆಗಳ ಅಜ್ಜಿ, ತಾಯಿ, ಅಕ್ಕ ತಂಗಿಯರು ಅಕ್ಷರ ಕಲಿತದ್ದು ಈ ಭಗಿನಿಯರಿಂದ. 1906ರಲ್ಲಿ ಪೋ ನಗರದಲ್ಲಿ ನಿಧನರಾದ ಮದರ್ ವೆರೋನಿಕಾರನ್ನು 2014ರಲ್ಲಿ ಧರ್ಮಸಭೆ ಪೂಜ್ಯರೆಂದು ಘೋಷಿಸಿತು. ಅವರ ಸೇವೆ ಕಟ್ಟಡಗಳಲ್ಲಿ ಕಾಣುತ್ತದೆ. ಮರಿಯಂರ ಸೇವೆ ಮಂಗಳೂರಿನಲ್ಲಿ ಕಾಣುವಂತೆ ಉಳಿಯಲಿಲ್ಲ. ಎರಡೂ ದೇವರ ಲೆಕ್ಕದಲ್ಲಿವೆ.

ನಮ್ಮ ಧರ್ಮಕೇಂದ್ರಗಳಲ್ಲಿಯೂ ಇಂತಹ ಮಹಿಳೆಯರಿದ್ದಾರೆ. ಪೂಜೆಗೆ ಮೊದಲು ಬಂದು ಇಗರ್ಜಿ ಗುಡಿಸುವವರು, ಪೀಠಕ್ಕೆ ಹೂವಿಡುವವರು, ವಾಳೆಯ ರೋಗಿಗಳ ಮನೆಗೆ ಹೋಗಿ ಜಪಸರ ಹೇಳುವವರು, ಮಕ್ಕಳಿಗೆ ಕ್ರೈಸ್ತ ಶಿಕ್ಷಣ ಕಲಿಸುವವರು, ಗುರುಗಳ ಮನೆಯ ಅಡುಗೆ ಮಾಡುವವರು. ಸಭೆಗಳಲ್ಲಿ ಅವರ ಮಾತನ್ನು ನಾವು ಕೇಳುತ್ತೇವೆಯೇ? ಯಾರದೋ ಗಾಳಿಮಾತಿನಿಂದ ಯಾರನ್ನಾದರೂ ದೂರ ಇಟ್ಟಿದ್ದೇವೆಯೇ? ಹಾಗೆ ದೂರವಾದವರ ಮನೆ ಬಾಗಿಲಿಗೆ ಹೋಗಲು ಇನ್ನೂ ಸಮಯವಿದೆ.

ಮುಂದಿನ ಮೊಂತಿ ಹಬ್ಬದಂದು ಬಾಲೆ ಮರಿಯಮ್ಮನಿಗೆ ಹೂ ಅರ್ಪಿಸುವಾಗ, ಅದೇ ಹೆಸರಿನ ಗಲಿಲೇಯದ ಆ ಅನಾಥ ಬಾಲಕಿಯನ್ನೂ ನೆನೆಯೋಣ. ನಮ್ಮ ಊರು ಒಮ್ಮೆ ಅರಿಯದೆ ಕಳುಹಿಸಿಕೊಟ್ಟ ಸಂತ ಮರಿಯಂ, ಇಂದು ನಮಗಾಗಿ ಹಾಗೂ ನಮ್ಮ ಊರಿಗಾಗಿ ಪ್ರಾರ್ಥಿಸಲಿ.