ಜನರಲ್ ಮೋಟಾರ್ಸ್‌ಗೆ ಮರುಜೀವ ಕೊಟ್ಟ ಆಲ್ಫ್ರೆಡ್ ಸ್ಲೋನ್

1920ರಲ್ಲಿ ಅಮೆರಿಕದ ಕಾರು ಮಾರುಕಟ್ಟೆ ಕುಸಿದಾಗ ಜನರಲ್ ಮೋಟಾರ್ಸ್ ತೀವ್ರ ಸಂಕಷ್ಟಕ್ಕೆ ಸಿಲುಕಿತು. ಒಂದೊಂದು ಘಟಕವೂ ತನಗೆ ತೋಚಿದಂತೆ ಸರಕು ಖರೀದಿಸಿ ಗೋದಾಮು ತುಂಬಿಸಿಕೊಂಡಿತ್ತು. ಸಂಸ್ಥಾಪಕ ವಿಲಿಯಂ ಡ್ಯುರಾಂಟ್ ಹೊರನಡೆಯಬೇಕಾಯಿತು.

ಆಗ ದಾರಿ ತೋರಿಸಿದವರು ಆಲ್ಫ್ರೆಡ್ ಸ್ಲೋನ್. 1875ರಲ್ಲಿ ಜನಿಸಿದ ಅವರು ಎಂಐಟಿಯಲ್ಲಿ ಎಂಜಿನಿಯರಿಂಗ್ ಓದಿ, ಬೇರಿಂಗ್ ಕಂಪನಿಯೊಂದನ್ನು ಮುನ್ನಡೆಸಿದ್ದರು. ಅವರ ಯೋಜನೆ ಸರಳವಾಗಿತ್ತು. ಷೆವರ್ಲೆ, ಬ್ಯೂಕ್, ಕ್ಯಾಡಿಲಾಕ್‌ನಂಥ ವಿಭಾಗಗಳಿಗೆ ಕಾರು ತಯಾರಿಸಿ ಮಾರುವ ಹೊಣೆ. ಹಣಕಾಸಿನ ಹಿಡಿತ ಮಾತ್ರ ಕೇಂದ್ರ ಕಚೇರಿಗೆ.

1923ರಲ್ಲಿ ಸ್ಲೋನ್ ಅಧ್ಯಕ್ಷರಾದರು. ಕೆಲವೇ ವರ್ಷಗಳಲ್ಲಿ ಕಂಪನಿ ಫೋರ್ಡನ್ನೇ ಹಿಂದಿಕ್ಕಿತು. ಆದರೆ ಈ ವ್ಯವಸ್ಥೆಯಲ್ಲಿ ಕಾರ್ಮಿಕರ ದನಿಗೆ ಜಾಗವಿರಲಿಲ್ಲ. ಫ್ಲಿಂಟ್ ನಗರದ ಕಾರ್ಖಾನೆಗಳಲ್ಲಿ ಕಾರ್ಮಿಕರು ಮುಷ್ಕರ ಹೂಡಿದ ಬಳಿಕವಷ್ಟೇ, 1937ರಲ್ಲಿ ಅವರ ಸಂಘಕ್ಕೆ ಮಾನ್ಯತೆ ಸಿಕ್ಕಿತು. ಸ್ಲೋನ್ 1966ರಲ್ಲಿ ನಿಧನರಾದರು. ಅವರ ವಿಭಾಗ ಪದ್ಧತಿ ಇಂದಿಗೂ ದೊಡ್ಡ ಕಂಪನಿಗಳಲ್ಲಿ ಬಳಕೆಯಲ್ಲಿದೆ.