ಆಯ್ದಕ್ಕಿ ಮಾರಯ್ಯ: ರಾಜಧಾನಿಗೆ ಬಂದ ಬಡವನ ಲೆಕ್ಕ

ಸಣ್ಣ ಊರನ್ನು ಬಿಟ್ಟು ದೊಡ್ಡ ನಗರಕ್ಕೆ ಬಂದು ಹೊಟ್ಟೆ ಹೊರೆಯಲು ಹೆಣಗುವವರ ಕಥೆ ನಮ್ಮ ಕಾಲದ್ದು ಮಾತ್ರವಲ್ಲ. 12ನೆಯ ಶತಮಾನದಲ್ಲಿ, ಇಂದಿನ ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿಗೆ ಸೇರಿದ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದು, ನೆಲಕ್ಕೆ ಚೆಲ್ಲಿದ ಅಕ್ಕಿಯನ್ನು ಆಯ್ದು ಸಂಸಾರ ನಡೆಸಿದ ಮಾರಯ್ಯ ಮತ್ತು ಅವರ ಪತ್ನಿ ಲಕ್ಕಮ್ಮನವರ ಕಥೆಯೂ ಅದೇ. ಇವರನ್ನು ನಾವು ಶರಣರೆಂದು ಸ್ಮರಿಸುತ್ತೇವೆ. ವಲಸೆ ಬಂದ ದುಡಿಮೆಗಾರರೆಂದು ನೆನೆಯುವುದು ಕಡಿಮೆ.

ಹನ್ನೊಂದನೆಯ ಶತಮಾನದಲ್ಲಿ ಚಾಲುಕ್ಯ ದೊರೆ ಒಂದನೆಯ ಸೋಮೇಶ್ವರನು ರಾಜಧಾನಿಯನ್ನು ಮಾನ್ಯಖೇಟದಿಂದ ಕಲ್ಯಾಣಕ್ಕೆ ಒಯ್ದನು. ಮುಂದೆ ಸಿಂಹಾಸನ ಕಳಚುರಿ ಬಿಜ್ಜಳನ ಕೈಸೇರಿತು. ಅವನ ಭಂಡಾರದ ಹೊಣೆ ಬಸವಣ್ಣನವರದಾಯಿತು. ಅವರ ಕೀರ್ತಿಯನ್ನು ಕೇಳಿಯೇ ಮಾರಯ್ಯ ದಂಪತಿ ಹೊರಟರು ಎನ್ನುತ್ತದೆ ಪರಂಪರೆ. ಅಮರೇಶ್ವರದಿಂದ ಕಲ್ಯಾಣ ಇಂದಿನ ರಸ್ತೆಯಲ್ಲಿ 200 ಕಿಲೋಮೀಟರಿಗೂ ದೂರ. ನಡುವೆ ಕೃಷ್ಣೆ, ಭೀಮೆ ಎರಡನ್ನೂ ದಾಟಬೇಕು. ಯಾವ ಹಂಬಲದಿಂದ ಬಂದವರಾದರೂ ಮರುದಿನ ಒಲೆ ಹೊತ್ತಿಸಲೇಬೇಕಷ್ಟೆ. ಹೊಲವಾಗಲಿ, ಅಂಗಡಿಯಾಗಲಿ, ಕೈಯಲ್ಲೊಂದು ಕುಲಕಸುಬಾಗಲಿ ಇಲ್ಲದವನಿಗೆ ರಾಜಧಾನಿ ಏನು ಕೊಟ್ಟೀತು?

ಮಾರಯ್ಯನವರು ಕಂಡುಕೊಂಡ ದಾರಿ ಅರ್ಥಶಾಸ್ತ್ರದ ವಿದ್ಯಾರ್ಥಿಯಾದ ನನ್ನನ್ನು ಇಂದಿಗೂ ಬೆರಗುಗೊಳಿಸುತ್ತದೆ. ಬಸವಣ್ಣನವರ ಮಹಾಮನೆಯಲ್ಲಿ ನಿತ್ಯ ದಾಸೋಹ. ಮೂಟೆ ಇಳಿಸುವಾಗ, ಅಳೆಯುವಾಗ ಅಂಗಳದಲ್ಲಿ ಅಕ್ಕಿ ಚೆಲ್ಲುವುದು ಸಹಜ. ಆ ಕಾಳುಗಳನ್ನು ಒಂದೊಂದಾಗಿ ಆಯ್ದು ಮನೆಗೆ ತರುವುದೇ ಅವರ ಕಾಯಕವಾಯಿತು. ಅದು ಭಿಕ್ಷೆಯಲ್ಲ, ಏಕೆಂದರೆ ಯಾರ ಮುಂದೆಯೂ ಕೈಯೊಡ್ಡಲಿಲ್ಲ. ಕಳವೂ ಅಲ್ಲ, ಏಕೆಂದರೆ ಕಾಲ್ತುಳಿತಕ್ಕೆ ಸಿಕ್ಕಿ ಹಾಳಾಗುವುದನ್ನು ಬಾಗಿ ಎತ್ತಿದ ಶ್ರಮ ಅದರಲ್ಲಿತ್ತು. ನಗರ ಚೆಲ್ಲಿದ್ದನ್ನು ಆಯ್ದು ಮತ್ತೆ ಬೆಲೆ ತರುವ ಇಂತಹ ದುಡಿಮೆಯನ್ನು ಇಂದು ಅಸಂಘಟಿತ ವಲಯವೆಂದು ಕರೆಯುತ್ತೇವೆ.

ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದರು. ಅವರನ್ನು ಪರೀಕ್ಷಿಸಲೆಂದು ಬಸವಣ್ಣನವರೇ ಬೇಕೆಂದು ಹೆಚ್ಚು ಚೆಲ್ಲಿಸಿದ್ದರೆಂದು ಕಥೆ. ಲಕ್ಕಮ್ಮನವರು ಅದನ್ನು ಒಪ್ಪಲಿಲ್ಲ. ಅಂದಂದಿನ ಅಗತ್ಯಕ್ಕೆ ಮೀರಿದ್ದು ಆಸೆಯ ಫಲವೇ ಹೊರತು ಕಾಯಕದ ಫಲವಲ್ಲವೆಂದು ಗಂಡನನ್ನು ತರಾಟೆಗೆ ತೆಗೆದುಕೊಂಡು, ಹೆಚ್ಚಿನ ಅಕ್ಕಿಯನ್ನು ತಂದಲ್ಲಿಯೇ ಸುರಿದು ಬರುವಂತೆ ಹಿಂದಕ್ಕೆ ಕಳುಹಿಸಿದರು.

ಇನ್ನೊಮ್ಮೆ ಮಾರಯ್ಯ ಅನುಭಾವದ ಮಾತಿನಲ್ಲಿ ಮೈಮರೆತು ಕುಳಿತಾಗ, ಕಾಯಕದ ಹೊತ್ತು ಮೀರುತ್ತಿದೆಯೆಂದು ಎಚ್ಚರಿಸಿದವರೂ ಲಕ್ಕಮ್ಮನವರೇ. ಶೂನ್ಯಸಂಪಾದನೆಯಲ್ಲಿ ಈ ದಂಪತಿಗೆಂದೇ ಒಂದು ಅಧ್ಯಾಯ ಮೀಸಲಾಗಿದೆ. ದುಡಿಮೆಯನ್ನೇ ಕೈಲಾಸವೆಂದು ಸಾರುವ, ಇಂದು ಸರ್ಕಾರಿ ಕಚೇರಿಗಳ ಗೋಡೆಗಳಲ್ಲೆಲ್ಲ ಬರೆಸಿರುವ ನುಡಿ ಬಸವಣ್ಣನವರದೆಂದೇ ಅನೇಕರು ನಂಬಿದ್ದಾರೆ. ಅದು ಇರುವುದು ಅಕ್ಕಿ ಆಯುತ್ತಿದ್ದ ಮಾರಯ್ಯನವರ ವಚನದಲ್ಲಿ.

ಸೇವೆಯಲ್ಲಿದ್ದಾಗ ಬಸವಕಲ್ಯಾಣ, ಹುಮನಾಬಾದ್ ಸೀಮೆಯಲ್ಲಿ ಓಡಾಡುವ ಅವಕಾಶ ನನಗೆ ದೊರೆತಿತ್ತು. ಕೊಡಂಬಲದಂತಹ ಊರುಗಳ ಸುತ್ತ ಜೋಳ, ತೊಗರಿ, ಉದ್ದು ಬೆಳೆಯುವ ಮಳೆಯಾಶ್ರಿತ ಹೊಲಗಳು. ಮಳೆ ಕೈಕೊಟ್ಟ ವರ್ಷ ಮನೆಗೆ ಬೀಗ ಹಾಕಿ, ಪಾತ್ರೆಪಗಡಗಳ ಗಂಟಿನೊಂದಿಗೆ ಹೆದ್ದಾರಿಯಂಚಿನಲ್ಲಿ ನಿಂತ ಕುಟುಂಬಗಳನ್ನು ನಾನು ಕಂಡಿದ್ದೇನೆ. ಒಂದು ದಿಕ್ಕಿಗೆ ಹೈದರಾಬಾದ್, ಇನ್ನೊಂದು ದಿಕ್ಕಿಗೆ ಪುಣೆ. ಒಂದು ಕಾಲಕ್ಕೆ ದೂರದೂರದವರು ಅರಸಿಕೊಂಡು ಬರುತ್ತಿದ್ದ ಕಲ್ಯಾಣದ ನೆರೆಯವರೇ ಈಗ ಅನ್ನ ಅರಸಿ ಬೇರೆ ನಗರಗಳಿಗೆ ಹೋಗುತ್ತಾರೆ. 2017ರಲ್ಲಿ ಬೀದರ್–ಕಲಬುರಗಿ ರೈಲು ಮಾರ್ಗ ಉದ್ಘಾಟನೆಯಾಯಿತು. ಹೋಗುವ ದಾರಿ ಸುಲಭವಾಯಿತೇ ಹೊರತು ಹೋಗಬೇಕಾದ ಕಾರಣ ನೀಗಲಿಲ್ಲ.

ಲಕ್ಕಮ್ಮನವರ ಕಥೆಯನ್ನು ಬಡವರಿಗೆ ತೃಪ್ತಿಯ ಪಾಠವಾಗಿ ಹೇಳುವ ರೂಢಿ ನಮ್ಮಲ್ಲಿದೆ. ಇದು ಸರಿಯಲ್ಲವೆಂದು ನನ್ನ ಭಾವನೆ. ಅವರು ತಿರಸ್ಕರಿಸಿದ್ದು ಅನ್ನವನ್ನಲ್ಲ, ಉಳ್ಳವರ ಅಂಗಳದಿಂದ ಬಂದ, ತಮ್ಮ ದುಡಿಮೆಗೆ ಸಂಬಂಧಿಸದ ಹೆಚ್ಚುವರಿಯನ್ನು. ದಯೆಗಿಂತ ಹಕ್ಕು ದೊಡ್ಡದೆಂಬುದು ಅದರ ತಾತ್ಪರ್ಯ. ಆ ಪಾಠ ಕಲಿಯಬೇಕಾದವರು ಅಂಗಳದ ಒಡೆಯರು, ಅಂದರೆ ನಾವು.

2020ರ ಲಾಕ್‌ಡೌನ್‌ನಲ್ಲಿ ನಗರಗಳಿಂದ ನಡೆದೇ ಊರಿಗೆ ಹೊರಟವರ ಸಾಲು, ನಾವು ಆ ಪಾಠವನ್ನು ಎಷ್ಟು ಕಲಿತಿದ್ದೆವೆಂಬುದನ್ನು ತೋರಿಸಿತು. ಊರಿನ ಪಡಿತರ ಚೀಟಿಗೆ ಪರಸ್ಥಳದಲ್ಲಿಯೂ ಧಾನ್ಯ ದೊರಕಿಸುವ ವ್ಯವಸ್ಥೆ ದೇಶದ ಎಲ್ಲ ರಾಜ್ಯಗಳನ್ನು ತಲುಪಿದ್ದು 2022ರಲ್ಲಿ. ಅದು ಸ್ವಾಗತಾರ್ಹ. ಆದರೆ ಅಕ್ಕಿಯೊಂದೇ ಸಾಲದು. ತಲೆಯ ಮೇಲೊಂದು ಸೂರು, ಮಕ್ಕಳಿಗೆ ಶಾಲೆ, ಹೊತ್ತಿಗೆ ಸರಿಯಾದ ಕೂಲಿ ಇವು ವಲಸಿಗನಿಗೆ ಹಕ್ಕಾಗಿ ದೊರೆಯಬೇಕು.

ಬಸವಕಲ್ಯಾಣದಲ್ಲಿ ನೂತನ ಅನುಭವ ಮಂಟಪಕ್ಕೆ 2021ರ ಜನವರಿಯಲ್ಲಿ ಶಿಲಾನ್ಯಾಸವಾಯಿತು. ಶರಣರಿಗೆ ಭವ್ಯ ಸ್ಮಾರಕ ಬೇಕು, ನಿಜ. ಆದರೆ ಮಾರಯ್ಯ, ಲಕ್ಕಮ್ಮನವರಿಗೆ ಸಲ್ಲುವ ಗೌರವವನ್ನು ನಾನು ಬೇರೊಂದು ಅಳತೆಯಿಂದ ಅಳೆಯಬಯಸುತ್ತೇನೆ. ಹೊಸದಾಗಿ ನಗರಕ್ಕೆ ಬಂದ ದಂಪತಿ ಅಂದಿನ ದುಡಿಮೆಯಿಂದ ಅಂದಿನ ಊಟವನ್ನು, ಯಾರಿಗೂ ತಲೆಬಾಗದೆ, ಸಂಪಾದಿಸಬಲ್ಲರೇ? ನಮ್ಮ ನಗರಗಳು ಈ ಪ್ರಶ್ನೆಗೆ ಹೌದೆನ್ನುವವರೆಗೂ ಗೋಡೆಯ ಮೇಲಿನ ಆ ನುಡಿ ಬರಿಯ ಬಣ್ಣದ ಬರಹವಷ್ಟೇ.