ಲಕ್ಷ್ಮಪ್ಪ ಬಂಗರಸ

ಲಕ್ಷ್ಮಪ್ಪ ಬಂಗರಸನು ತುಳುನಾಡಿನ ಜೈನ ಅರಸುಮನೆತನವಾದ ಬಂಗ ವಂಶಕ್ಕೆ ಸೇರಿದವನು. 1837ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ವಿರುದ್ಧ ನಡೆದ ಅಮರ ಸುಳ್ಯ ದಂಗೆಯ ಪ್ರಮುಖ ನಾಯಕರಲ್ಲಿ ಒಬ್ಬನಾಗಿದ್ದು, ಅದೇ ವರ್ಷ ಮಂಗಳೂರಿನ ಬಿಕರ್ನಕಟ್ಟೆಯಲ್ಲಿ ಗಲ್ಲಿಗೇರಿಸಲ್ಪಟ್ಟನು.

ಮನೆತನ

ಬಂಗರ ಮೂಲ ರಾಜಧಾನಿ ಈಗಿನ ಬೆಳ್ತಂಗಡಿ ತಾಲ್ಲೂಕಿನ ಬಂಗಾಡಿ. ಮುಂದೆ ಬಂಟ್ವಾಳ ತಾಲ್ಲೂಕಿನಲ್ಲಿ, ಪಾಣೆಮಂಗಳೂರಿನ ಸಮೀಪ ನೇತ್ರಾವತಿ ನದಿಯ ದಡದಲ್ಲಿರುವ ನಂದಾವರವೂ ಅವರ ನೆಲೆಯಾಯಿತು. ಉಳ್ಳಾಲ, ಪುತ್ತಿಗೆ ಮತ್ತು ಮೂಡುಬಿದಿರೆಗಳಲ್ಲಿ ಆಳಿದ ಚೌಟರು, ವೇಣೂರಿನ ಅಜಿಲರು ಇವರ ಸಮಕಾಲೀನ ಜೈನ ಅರಸರು. 1799ರಲ್ಲಿ ಟಿಪ್ಪು ಸುಲ್ತಾನನ ಮರಣಾನಂತರ ಕೆನರಾ ಪ್ರದೇಶವು ಕಂಪನಿಯ ವಶವಾಯಿತು. ಆ ಬಳಿಕ ಈ ಮನೆತನಗಳಿಗೆ ರಾಜ್ಯಾಧಿಕಾರ ಉಳಿಯಲಿಲ್ಲ.

ವಂಶಾವಳಿ ಮತ್ತು ಹೆಸರಿನ ಗೊಂದಲ

ಬಂಗರಲ್ಲಿ ಅಳಿಯಸಂತಾನ ಪದ್ಧತಿ ರೂಢಿಯಲ್ಲಿತ್ತು. ಪಟ್ಟವು ಅರಸನ ಮಗನಿಗೆ ಬಾರದೆ ಸೋದರಿಯ ಮಗನಿಗೆ ಸಲ್ಲುತ್ತಿತ್ತು. ಆದುದರಿಂದ ಈ ಮನೆತನದ ಪೀಳಿಗೆಗಳನ್ನು ಗುರುತಿಸಲು ತಂದೆಯಿಂದ ಮಗನಿಗೆ ಇಳಿಯುವ ಸಾಲನ್ನು ಹಿಡಿದರೆ ಸಾಲದು. ತಾಯಿ, ಅಜ್ಜಿ ಮತ್ತು ಸೋದರಮಾವಂದಿರ ಸಂಬಂಧವನ್ನು ಅನುಸರಿಸಬೇಕಾಗುತ್ತದೆ. ಇದಲ್ಲದೆ ಒಂದೇ ಹೆಸರು ತಲೆಮಾರುಗಳ ಅಂತರದಲ್ಲಿ ಮರಳಿ ಬರುತ್ತಿತ್ತು. ಉಳ್ಳಾಲದ ರಾಣಿ ಅಬ್ಬಕ್ಕನ ಪತಿಯೆಂದು ಪ್ರಸಿದ್ಧನಾದ ಲಕ್ಷ್ಮಪ್ಪ ಬಂಗರಸನು 1837ರ ಬಂಗರಸನಿಗಿಂತ ಎರಡು ಶತಮಾನಗಳಿಗೂ ಹಿಂದಿನವನು. ಇವರಿಬ್ಬರೂ ಬೇರೆ ಬೇರೆ ವ್ಯಕ್ತಿಗಳು. ಬಂಗರೂ ಸೇರಿದಂತೆ ತುಳುನಾಡಿನ ಅರಸುಮನೆತನಗಳ ಇತಿಹಾಸವನ್ನು ಗಣಪತಿರಾವ್ ಐಗಳರು 1923ರಲ್ಲಿ ಪ್ರಕಟವಾದ ತಮ್ಮ ದಕ್ಷಿಣ ಕನ್ನಡ ಜಿಲ್ಲೆಯ ಪ್ರಾಚೀನ ಇತಿಹಾಸದಲ್ಲಿ ಸಂಗ್ರಹಿಸಿದ್ದಾರೆ.

1837ರ ದಂಗೆ

1834ರಲ್ಲಿ ಕಂಪನಿಯು ಕೊಡಗಿನ ಹಾಲೇರಿ ಅರಸನನ್ನು ಪದಚ್ಯುತಗೊಳಿಸಿ, ಅವನ ಅಧೀನದಲ್ಲಿದ್ದ ಸುಳ್ಯ ಸೀಮೆಯನ್ನು ಕೆನರಾ ಜಿಲ್ಲೆಗೆ ಸೇರಿಸಿತು. ಅದುವರೆಗೆ ಧಾನ್ಯರೂಪದಲ್ಲಿ ಕಂದಾಯ ಕೊಡುತ್ತಿದ್ದ ರೈತರು ನಗದಾಗಿ ತೆರಬೇಕಾದುದು ಅಸಮಾಧಾನಕ್ಕೆ ಮುಖ್ಯ ಕಾರಣವಾಯಿತು. ಕೆದಂಬಾಡಿ ರಾಮಯ್ಯ ಗೌಡ ಮೊದಲಾದವರು ಪುಟ್ಟಬಸಪ್ಪನನ್ನು ಹಾಲೇರಿ ವಂಶದ ಕಲ್ಯಾಣಸ್ವಾಮಿಯೆಂದು ಮುಂದಿಟ್ಟುಕೊಂಡು ದಂಡು ಕಟ್ಟಿದರು. ಬೆಳ್ಳಾರೆಯ ಖಜಾನೆಯನ್ನು ವಶಪಡಿಸಿಕೊಂಡ ದಂಡು ಪುತ್ತೂರು, ಪಾಣೆಮಂಗಳೂರು, ಬಂಟ್ವಾಳಗಳ ಮಾರ್ಗವಾಗಿ ಸಾಗಿತು. ನಂದಾವರದ ಬಂಗರಸನು ತನ್ನ ಜನರೊಂದಿಗೆ ಅದನ್ನು ಸೇರಿಕೊಂಡನು. ರಾಜ್ಯ ಕಳೆದುಕೊಂಡ ಹಳೆಯ ಅರಸುಮನೆತನದವನೊಬ್ಬನ ಬೆಂಬಲದಿಂದ, ರೈತರ ದಂಗೆಯಾಗಿ ಮೊದಲಾದ ಹೋರಾಟಕ್ಕೆ ಕರಾವಳಿಯಲ್ಲಿಯೂ ಬಲ ಬಂದಿತು. ಏಪ್ರಿಲ್ 5ರಂದು ಮಂಗಳೂರನ್ನು ಪ್ರವೇಶಿಸಿದ ಹೋರಾಟಗಾರರು ಬಾವುಟಗುಡ್ಡದಲ್ಲಿ ತಮ್ಮ ಧ್ವಜವನ್ನು ಹಾರಿಸಿ, ಸುಮಾರು ಎರಡು ವಾರಗಳ ಕಾಲ ಪಟ್ಟಣವನ್ನು ತಮ್ಮ ಹಿಡಿತದಲ್ಲಿರಿಸಿಕೊಂಡರು.

ಮರಣ ಮತ್ತು ಸ್ಮರಣೆ

ಹೊರಗಿನಿಂದ ಕಂಪನಿಯ ಸೇನೆ ಬಂದ ಬಳಿಕ ದಂಗೆಯು ಅಡಗಿತು. ವಿಚಾರಣೆಯ ನಂತರ ಬಂಗರಸ, ಪುಟ್ಟಬಸಪ್ಪ ಮೊದಲಾದವರನ್ನು ಬಿಕರ್ನಕಟ್ಟೆಯಲ್ಲಿ ಬಹಿರಂಗವಾಗಿ ಗಲ್ಲಿಗೇರಿಸಲಾಯಿತು. ಗುಡ್ಡೆಮನೆ ಅಪ್ಪಯ್ಯ ಗೌಡನನ್ನು ಮಡಿಕೇರಿಯಲ್ಲಿ ಅದೇ ವರ್ಷ ಅಕ್ಟೋಬರ್ 31ರಂದು ಗಲ್ಲಿಗೇರಿಸಲಾಯಿತು. ಕಂಪನಿಯ ಕಡತಗಳಲ್ಲಿ ಬಂಡಾಯವೆಂದೂ ಜನರ ಮಾತಿನಲ್ಲಿ ಕಲ್ಯಾಣಪ್ಪನ ಕಾಟಕಾಯಿಯೆಂದೂ ಉಳಿದ ಈ ಘಟನೆಯನ್ನು ಈಚಿನ ಇತಿಹಾಸಕಾರರು 1857ಕ್ಕೆ 20 ವರ್ಷ ಮೊದಲಿನ ಸ್ವಾತಂತ್ರ್ಯ ಹೋರಾಟವೆಂದು ಪರಿಗಣಿಸಿದ್ದಾರೆ.